ಹಡಗಿನಲ್ಲಿ ಕೇಳಿಸಿದ ಬೋರ್ ಲಾರಿ

ಮೊದಲ ರಾತ್ರಿ. ಅಮೆರಿಕದ ಮಯಾಮಿ ಬಂದರು ಬಿಟ್ಟು ಏಳೆಂಟು ಗಂಟೆ ಆಗಿತ್ತು. ದೀಪ ಆರಿಸಿ ಮಲಗಿದ್ದೆವು. ಹಾಸಿಗೆಯ ಕೆಳಗಿನಿಂದಲೋ ಗೋಡೆಯ ಒಳಗಿನಿಂದಲೋ ಗೊತ್ತಾಗದ ಹಾಗೆ ಒಂದು ಸಣ್ಣ ಗುಂಯ್ ಸದ್ದು ಬರುತ್ತಲೇ ಇತ್ತು. ಪಕ್ಕದಲ್ಲಿ ಅಮ್ಮ ಮಗ್ಗುಲು ಬದಲಿಸಿ ನಿದ್ದೆಗಣ್ಣಲ್ಲೇ ಕೇಳಿದಳು.

"ಯಾರ ಹೊಲದಾಗೆ ಬೋರ್ ಹಾಕ್ತಾವ್ರೆ?"

ನಾನು ಉತ್ತರ ಕೊಡುವ ಮೊದಲೇ ಅವಳಿಗೆ ಮತ್ತೆ ನಿದ್ದೆ ಹತ್ತಿತು. ನನಗೆ ಮಾತ್ರ ಹಾರಿಹೋಯಿತು.

ಕೋಲಾರದ ಕಡೆಯವರಿಗೆ ಈ ಪ್ರಶ್ನೆಯನ್ನು ಬಿಡಿಸಿ ಹೇಳಬೇಕಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ. ನಮ್ಮೂರು ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿ. ವರ್ಷವಿಡೀ ಹರಿಯುವ ನದಿ ನಮ್ಮ ಜಿಲ್ಲೆಯಲ್ಲೇ ಇಲ್ಲ. ಪಾಲಾರ್ ನಮ್ಮ ಸೀಮೆಯಲ್ಲೇ ಹುಟ್ಟುತ್ತದೆ, ಆದರೆ ಅದರ ಮರಳು ನೋಡಿದವರು ಜಾಸ್ತಿ, ನೀರು ನೋಡಿದವರು ಕಡಿಮೆ. ಇದ್ದದ್ದು ಕೆರೆ, ಆಮೇಲೆ ತೆರೆದ ಬಾವಿ, ಆಮೇಲೆ ಬೋರ್. ಬೋರ್ ಲಾರಿ ಸಂಜೆಗೆ ಬಂದು ನಿಂತರೆ ರಾತ್ರಿಯೆಲ್ಲ ಅದೇ ಸದ್ದು. ಯಾರ ಹೊಲದಲ್ಲಿ ನಿಂತಿದೆ, ಎಷ್ಟು ಅಡಿ ಹೋಗಿದೆ, ಪುಡಿ ಬರುತ್ತಿದೆಯೋ ಕೆಸರು ಬರುತ್ತಿದೆಯೋ ಎಂದು ಊರಿಗೆ ಊರೇ ಹಾಸಿಗೆಯಲ್ಲಿ ಮಲಗಿಕೊಂಡು ಕಿವಿ ಕೊಡುತ್ತದೆ. ಸದ್ದು ಬದಲಾದರೆ ನೀರು ಬಿತ್ತು ಎಂದರ್ಥ. ಬೆಳಗಿನ ತನಕ ಒಂದೇ ಸಮ ಕೇಳಿಸಿದರೆ ಆ ಮನೆಯವರ ಮುಖ ನೋಡುವುದು ಕಷ್ಟ.

ನಮ್ಮ ಹೊಲದಲ್ಲಿ ಅಪ್ಪ ನಾಲ್ಕು ಬೋರ್ ಹಾಕಿಸಿದ. ಮೊದಲನೆಯದಕ್ಕೆ 220 ಅಡಿಗೇ ಎರಡು ಇಂಚು ನೀರು. ನಾನಾಗ ಚಿಕ್ಕವಳು, ಚಿಮ್ಮಿದ ಕೆಸರು ನೀರಿನಲ್ಲಿ ಲಂಗ ಒದ್ದೆ ಮಾಡಿಕೊಂಡು ಕುಣಿದಿದ್ದೆ. ಕೊನೆಯದು 1,480 ಅಡಿ. ಬರೀ ಪುಡಿ. ಬೆಳಿಗ್ಗೆ ಎದ್ದು ನೋಡಿದರೆ ಮಾವಿನ ಗಿಡ, ದನದ ಕೊಟ್ಟಿಗೆ, ಅಪ್ಪನ ತಲೆ, ಎಲ್ಲದರ ಮೇಲೂ ಬೂದಿ ಬಣ್ಣದ ಕಲ್ಲುಪುಡಿ. ಅಮ್ಮನ ಎರಡೆಳೆ ಸರ ಆ ತೂತಿಗೆ ಹೋಯಿತು. ಅಪ್ಪ ಈಗಿಲ್ಲ. ಆ ಸದ್ದು ಮಾತ್ರ ಅಮ್ಮನ ಕಿವಿಯಲ್ಲಿ ಉಳಿದಿದೆ. ಅರ್ಧ ಭೂಮಿ ಸುತ್ತಿ ಬಂದು, ಸಾವಿರಾರು ಜನ ರಜಾ ಕಳೆಯುವ ಹಡಗಿನಲ್ಲಿ ಮಲಗಿದರೂ ಅವಳಿಗೆ ಕೇಳಿಸಿದ್ದು ಅದೇ.

ನನ್ನ ತಮ್ಮ ಒರ್ಲಾಂಡೊದಲ್ಲಿ ಇದ್ದಾನೆ. ಮೂರು ವರ್ಷದಿಂದ ಕರೆಯುತ್ತಿದ್ದ. ಅಮ್ಮನಿಗೆ ಎಪ್ಪತ್ತು ತುಂಬಿತು, ಇನ್ನು ತಡ ಮಾಡಿದರೆ ಮಂಡಿ ನೋವು ಬಿಡುವುದಿಲ್ಲ ಎಂದು ನಾನೂ ಶಾಲೆಗೆ ರಜೆ ಹಾಕಿ ಹೊರಟೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಅವನು ನಮಗೆ ಹೇಳದೆ ಏಳು ರಾತ್ರಿಯ ಹಡಗಿನ ಟಿಕೆಟ್ ತೆಗೆದಿಟ್ಟಿದ್ದ. 'ಐಕಾನ್ ಆಫ್ ದಿ ಸೀಸ್.' ಫಿನ್ಲೆಂಡಿನ ಟುರ್ಕು ಊರಿನಲ್ಲಿ ಕಟ್ಟಿದ ಹಡಗು. 2024ರ ಜನವರಿ 27ರಂದು ಮಯಾಮಿಯಿಂದ ಮೊದಲ ಸಲ ಪ್ರಯಾಣಿಕರನ್ನು ಹೊತ್ತು ಹೊರಟಾಗ ಪ್ರಪಂಚದ ಅತಿ ದೊಡ್ಡ ಪ್ರಯಾಣಿಕರ ಹಡಗು ಅದೇ. ಉದ್ದ ಸುಮಾರು 365 ಮೀಟರ್. 20 ಅಂತಸ್ತು. ಒಂದು ಕೋಣೆಗೆ ಇಬ್ಬರಂತೆ ಲೆಕ್ಕ ಹಾಕಿದರೆ 5,610 ಜನ, ಅವರನ್ನು ನೋಡಿಕೊಳ್ಳಲು 2,350 ಸಿಬ್ಬಂದಿ. ಏಳು ಈಜುಕೊಳ. ಜಾರಿ ಬೀಳಲು ಆರು ದೊಡ್ಡ ಕೊಳವೆಗಳು.

ಅಮ್ಮ ಹುಟ್ಟಿದ ಮೇಲೆ ನೋಡಿದ ದೋಣಿ ಎಂದರೆ ತೆಪ್ಪೋತ್ಸವದ ತೆಪ್ಪ. ಕೆರೆ ತುಂಬಿದ ವರ್ಷ ದೇವರನ್ನು ಕೂರಿಸಿ, ಬಾಳೆಕಂದು ಕಟ್ಟಿ, ದೀಪ ಹಚ್ಚಿ ಮೂರು ಸುತ್ತು ಸುತ್ತಿಸುತ್ತಾರಲ್ಲ, ಅದು. ಬಂದರಿನಲ್ಲಿ ಕಾರಿಂದ ಇಳಿದು ಅವಳು ಕತ್ತು ಮೇಲೆತ್ತಿದಳು. ಇಳಿಸಲೇ ಇಲ್ಲ. "ಇದು ತೇಲ್ತದಾ?" ಎಂದಳು. ತಮ್ಮ ನಗುತ್ತಾ ಹೂಂ ಎಂದ. ಅವಳು ಅಲ್ಲೇ ನಿಂತು, ಹಡಗಿನ ಕಡೆ ತಿರುಗಿ ಕೈ ಮುಗಿದಳು. ಊರಲ್ಲಿ ಬಸ್ಸು ಹತ್ತುವಾಗ ಮೆಟ್ಟಿಲು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವ ಹಾಗೇ.

ಒಳಗಿನ ಬೆರಗನ್ನು ಜಾಸ್ತಿ ಬರೆಯುವುದಿಲ್ಲ. ಅದರ ವಿಡಿಯೋಗಳು ಎಲ್ಲರ ಫೋನಿನಲ್ಲೂ ಬಂದಿರುತ್ತವೆ. ಆದರೆ ನಾನು ಖುಷಿಪಟ್ಟೆ ಎನ್ನುವುದನ್ನು ಮುಚ್ಚಿಡುವುದಿಲ್ಲ. ಹಡಗಿನ ನಡುಮಧ್ಯೆ ಆಕಾಶಕ್ಕೆ ತೆರೆದ ಒಂದು ತೋಟ. ನಿಜವಾದ ಗಿಡ, ನಿಜವಾದ ಮಣ್ಣು. ಅಮ್ಮ ಬಗ್ಗಿ ಮಣ್ಣು ಮುಟ್ಟಿ ನೋಡಿ "ಹಸಿ ಐತೆ" ಎಂದಳು. ಅಲ್ಲಿ ಕೂತರೆ ಸುತ್ತ ಸಮುದ್ರ ಇದೆ ಅನ್ನುವುದೇ ಮರೆತುಹೋಗುತ್ತದೆ. ಸಂಜೆ ಪಿಟೀಲು ಬಾರಿಸುವವರು ಬರುತ್ತಿದ್ದರು. ಹಡಗಿನ ಮುಂಭಾಗದ ಮೇಲ್ತುದಿಯಲ್ಲಿ ಗಾಜಿನ ದೊಡ್ಡ ಗುಮ್ಮಟ, ಅದರೊಳಗೆ 55 ಅಡಿ ಎತ್ತರದ ಜಲಪಾತ, ಎತ್ತರದಿಂದ ಕೊಳಕ್ಕೆ ಹಾರುವ ಕಲಾವಿದರು. ಮೊಮ್ಮಗನ ಜೊತೆ ಅಮ್ಮ ಆ ಆಟವನ್ನು ಎರಡು ಸಲ ನೋಡಿದಳು. ಎರಡನೆಯ ಸಲ ಅವಳ ಕಣ್ಣು ಆಟಗಾರರ ಮೇಲಿರಲಿಲ್ಲ.

"ಈ ನೀರು ಎಲ್ಲಿಂದ ಬರ್ತದೆ?"

"ಸುಮ್ನೆ ನೋಡಮ್ಮ," ಎಂದೆ ನಾನು. ಒಬ್ಬ ಮೇಷ್ಟ್ರು ಹಾಗೆ ಹೇಳಬಾರದಿತ್ತು.

ಅವಳ ಪ್ರಶ್ನೆ ಮೊದಲ ದಿನ ಸ್ನಾನದ ಮನೆಯಲ್ಲೇ ಶುರುವಾಗಿತ್ತು. ಬಕೆಟ್ ಇಲ್ಲ, ಚೆಂಬು ಇಲ್ಲ. ಗಾಜಿನ ಚಿಕ್ಕ ಗೂಡಿನಲ್ಲಿ ನಿಂತು ಶವರ್ ತಿರುಗಿಸಬೇಕು. ಅಮ್ಮ ಜೀವನದಲ್ಲಿ ನೀರನ್ನು ಅಳತೆಯಿಲ್ಲದೆ ಬಳಸಿದವಳೇ ಅಲ್ಲ. ಅವಳ ಸ್ನಾನ ಎಂದರೆ ಒಂದೂವರೆ ಬಕೆಟ್. ಅದರಲ್ಲಿ ಅರ್ಧ ಬಕೆಟ್ ತಲೆಗೆ, ಅದೂ ವಾರಕ್ಕೊಮ್ಮೆ. ಮೈ ಮೇಲಿಂದ ಇಳಿದ ನೀರು ನೇರವಾಗಿ ಬಾಳೆಗಿಡಕ್ಕೆ ಹೋಗುವ ಹಾಗೆ ಹಿತ್ತಲಲ್ಲಿ ಕಾಲುವೆ ತೆಗೆದಿದ್ದಾಳೆ. ಇಲ್ಲಿ ನೀರು ಎಷ್ಟು ಹೋಯಿತು ಎಂದು ಕಣ್ಣಿಗೆ ಕಾಣುವುದಿಲ್ಲ. ಸೋಪು ಹಚ್ಚುವಾಗ ನಿಲ್ಲಿಸಿ, ತೊಳೆಯುವಾಗ ಬಿಟ್ಟು, ನಾಲ್ಕು ನಿಮಿಷದಲ್ಲಿ ಹೊರಗೆ ಬಂದಳು. "ಲೆಕ್ಕ ಸಿಗ್ಲಿಲ್ಲ" ಎಂದು ಬೇಜಾರು ಮಾಡಿಕೊಂಡಳು. ಕಕ್ಕಸು ಮಾತ್ರ ಅವಳಿಗೆ ತುಂಬಾ ಹಿಡಿಸಿತು. ಗುಂಡಿ ಒತ್ತಿದರೆ ಗಾಳಿ ಸೆಳೆದುಕೊಂಡು ಹೋಗುತ್ತದೆ, ನೀರು ಬೇಕಾಗುವುದು ಹೆಚ್ಚುಕಡಿಮೆ ಒಂದು ಲೀಟರ್. ಕೋಲಾರದ ನನ್ನ ಮನೆಯಲ್ಲಿ ಒಂದು ಸಲಕ್ಕೆ ಅರ್ಧ ಬಕೆಟ್ ಹೋಗುತ್ತದೆ.

ಎರಡನೆಯ ದಿನ ಬಹಾಮಾಸ್‌ನ ಕೋಕೋಕೇ ದ್ವೀಪ. ತಮ್ಮ, ಅವನ ಹೆಂಡತಿ, ಮಗ ಮೂರೂ ಜನ ಬಿಸಿಲಲ್ಲಿ ಮಿಂದು ಕೆಂಪಾಗಿ ಬಂದರು. ನಾನೂ ಅಮ್ಮನೂ ತೆಂಗಿನ ಮರದ ನೆರಳಲ್ಲಿ ಕೂತಿದ್ದೆವು. ಆ ರಾತ್ರಿ ಸಮುದ್ರ ಸ್ವಲ್ಪ ಎದ್ದಿತು. ಅಮ್ಮನಿಗೆ ತಲೆ ತಿರುಗಿ ವಾಂತಿಯಾಯಿತು. ಕೋಣೆ ಚೊಕ್ಕಟ ಮಾಡುವ ಹುಡುಗ ಹಸಿರು ಸೇಬು ತಂದುಕೊಟ್ಟು ನಿಧಾನಕ್ಕೆ ತಿನ್ನಲು ಹೇಳಿದ. ಅಮ್ಮ ತನ್ನ ಚೀಲದಿಂದ ಒಣಶುಂಠಿ ತೆಗೆದು ಬಾಯಿಗೆ ಹಾಕಿಕೊಂಡಳು. ಯಾವುದು ಕೆಲಸ ಮಾಡಿತೋ, ಬೆಳಿಗ್ಗೆ ಹೊತ್ತಿಗೆ ಸರಿಹೋದಳು.

ಆ ಬೆಳಿಗ್ಗೆ ನಡೆದ ಒಂದು ಸಣ್ಣ ಸಂಗತಿ ನನಗೆ ಇಡೀ ಪ್ರಯಾಣಕ್ಕಿಂತ ದೊಡ್ಡದು.

ನಮ್ಮ ಕೋಣೆಗೆ ಸಮುದ್ರದ ಕಡೆ ಬಾಲ್ಕನಿ ಇತ್ತು. ನಾನು ಎದ್ದಾಗ ಅಮ್ಮ ಅಲ್ಲಿ ನಿಂತಿದ್ದಳು. ಸಮುದ್ರ ನೋಡುತ್ತಿದ್ದಾಳೆ ಅಂದುಕೊಂಡೆ. ಅಲ್ಲ. ಕಂಬಿಯ ಮೇಲೆ ಬೆರಳು ಎಳೆದು, ಬೆರಳ ತುದಿಯನ್ನು ಕಣ್ಣ ಹತ್ತಿರ ಹಿಡಿದು ನೋಡುತ್ತಿದ್ದಳು. ಕಂಬಿಯ ಮೇಲೆ ತೆಳ್ಳಗೆ ಬಿಳಿ ಪದರ. ರಾತ್ರಿಯ ಗಾಳಿಗೆ ಬಂದು ಕೂತ ಹನಿ ಒಣಗಿ ಉಳಿದ ಉಪ್ಪು. ಅವಳು ಬೆರಳನ್ನು ನಾಲಿಗೆಗೆ ಮುಟ್ಟಿಸಿದಳು.

"ನಮ್ಮ ಬಿಸಿನೀರಿನ ಹಂಡೆಯಾಗೆ ಕೂತ್ಕತದಲ್ಲ, ಅಂಗೇ ಐತೆ. ಇದು ಉಪ್ಪು, ಅದು ಸಪ್ಪೆ. ಅಷ್ಟೇ."

ನಮ್ಮ ಕಡೆ ಬೋರ್ ನೀರು ಕಾಯಿಸುವ ಪಾತ್ರೆಯೊಳಗೆ ಸುಣ್ಣದ ಹಾಗೆ ಬಿಳಿ ಗಟ್ಟಿ ಕಟ್ಟುತ್ತದೆ. ಉಗುರಲ್ಲಿ ಕೆರೆದರೂ ಬರುವುದಿಲ್ಲ, ಹುಣಸೆಹಣ್ಣು ಹಾಕಿ ತಿಕ್ಕಬೇಕು. ಆಳಕ್ಕೆ ಹೋದಷ್ಟೂ ನೀರಿನಲ್ಲಿ ಕಲ್ಲು ಕರಗಿರುತ್ತದೆ. ಅದರ ಜೊತೆಗೇ ಫ್ಲೋರೈಡ್. ಒಂದು ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದರೆ ಹಲ್ಲು, ಮೂಳೆ ಎರಡಕ್ಕೂ ಕೆಟ್ಟದ್ದು. ನನ್ನ ತರಗತಿಯ ಎಷ್ಟೋ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆಗಳಿವೆ. ನಗುವಾಗ ಕೈ ಅಡ್ಡ ಇಟ್ಟುಕೊಳ್ಳುತ್ತಾರೆ. ಹಾಗಾಗಿ ಈಗ ಹಳ್ಳಿಹಳ್ಳಿಯಲ್ಲೂ ಶುದ್ಧ ನೀರಿನ ಘಟಕ ಬಂದಿದೆ. ಕಾಸು ಹಾಕಿ ಕ್ಯಾನ್ ಹಿಡಿದರೆ 20 ಲೀಟರ್ ಬೀಳುತ್ತದೆ. ಒತ್ತಡ ಕೊಟ್ಟು ನೀರನ್ನು ತೆಳು ಪೊರೆಯಲ್ಲಿ ಸೋಸುವ ಅದರ ಆರ್‌ಓ ಯಂತ್ರದ ಸದ್ದು ಅಮ್ಮನಿಗೆ ದಿನದ ಪರಿಚಯ.

ಅಂದು ಮಧ್ಯಾಹ್ನ ಊಟದ ಹಾಲಿನಲ್ಲಿ ಬಡಿಸುವ ಹುಡುಗ ನಮ್ಮ ಮಾತು ಕೇಳಿಸಿಕೊಂಡು "ನೀವು ಕನ್ನಡದವರಾ?" ಎಂದು ನಿಂತುಬಿಟ್ಟ. ಉಡುಪಿ ಕಡೆಯವನು. ಮನೆ ಬಿಟ್ಟು ಆರು ತಿಂಗಳಾಗಿತ್ತು. ಅಮ್ಮ ಅವನ ಕೈ ಹಿಡಿದುಕೊಂಡು ಮೊದಲು ಕೇಳಿದ್ದು ಅಪ್ಪ ಅಮ್ಮ ಹೇಗಿದ್ದಾರೆ ಎಂದು. ಎರಡನೆಯದು, "ಈ ಹಡಗಿಗೆ ನೀರು ಎಲ್ಲಿಂದಪ್ಪಾ?"

ಇಷ್ಟು ದಿನದಲ್ಲಿ ಯಾರೂ ತನ್ನನ್ನು ಹೀಗೆ ಕೇಳಿರಲಿಲ್ಲ ಎಂದ ಅವನು. ಹಡಗೇ ನೀರು ಮಾಡಿಕೊಳ್ಳುತ್ತದಂತೆ. ಕೆಳಗೆ, ನಾವ್ಯಾರೂ ಇಳಿಯದ ಅಂತಸ್ತುಗಳಲ್ಲಿ, ಸಮುದ್ರದ ನೀರನ್ನು ಎಳೆದುಕೊಂಡು ಆರ್‌ಓ ಮಾಡುತ್ತಾರೆ.

"ನಮ್ಮೂರಾಗೆ ಐತಲ್ಲ, ಅದೇನಾ?" ಅಮ್ಮನ ಮುಖ ಅರಳಿತು.

ಅದೇ. ಈ ಹಡಗಿಗೆ ಬೇಕಾದ ಸಿಹಿನೀರಿನಲ್ಲಿ ನೂರಕ್ಕೆ ತೊಂಬತ್ತು ಪಾಲಿಗಿಂತ ಹೆಚ್ಚು ಹೀಗೇ ತಯಾರಾಗುತ್ತದೆ. ಬಂದರಿನಲ್ಲಿ ನಿಂತಾಗ ಹಡಗುಗಳು ಆ ಯಂತ್ರ ನಡೆಸುವುದಿಲ್ಲ, ದಡದ ನೀರು ಕೊಳಕಾಗಿರುತ್ತದೆ. ನಡುಸಮುದ್ರದಲ್ಲಿ ಮಾಡಿ ಟ್ಯಾಂಕಿಗೆ ತುಂಬಿಕೊಳ್ಳಬೇಕು. ಆರ್‌ಓದಿಂದ ಬಂದ ನೀರು ತೀರಾ ಬರಿದು, ಅದಕ್ಕೆ ಸ್ವಲ್ಪ ಖನಿಜ ಸೇರಿಸಿ, ಕ್ಲೋರಿನ್ ಹಾಕಿ ಮೇಲಕ್ಕೆ ಕಳಿಸುತ್ತಾರೆ. ಏಸಿ ಯಂತ್ರದಿಂದ ತೊಟ್ಟಿಕ್ಕುವ ನೀರನ್ನೂ ಬಿಡದೆ ಹಿಡಿದು ಬಟ್ಟೆ ಒಗೆಯಲು ಬಳಸುವ ಹಡಗುಗಳಿವೆ. ಜಲಪಾತದಲ್ಲಿ, ಜಾರುಕೊಳವೆಯಲ್ಲಿ ಧುಮುಕುವುದು ಹೊಸ ನೀರಲ್ಲ. ಬಿದ್ದದ್ದನ್ನೇ ಸೋಸಿ ಮತ್ತೆ ಮೇಲಕ್ಕೆ ಎತ್ತುತ್ತಾರೆ.

ಅಮ್ಮ ಅನ್ನ ಕಲಸುತ್ತಾ ಎಲ್ಲ ಕೇಳಿಸಿಕೊಂಡಳು. ಆಮೇಲೆ ಹೇಳಿದಳು. "ಹಂಗಾದ್ರೆ ಇದೂ ನಮ್ಮ ತರಾನೇ ಬರದ ಊರು."

ಆ ಮಾತು ನನ್ನನ್ನು ಬಿಡಲಿಲ್ಲ. ಅಂದು ಸಂಜೆ ತೋಟದಲ್ಲಿ ಕೂತು ಕಾಗದದ ಕರವಸ್ತ್ರದ ಮೇಲೆ ಲೆಕ್ಕ ಹಾಕಿದೆ. ಮಕ್ಕಳಿಗೆ ಪಾಠ ಮಾಡುವ ಲೆಕ್ಕವೇ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು. ಆ ಉಪ್ಪನ್ನು ಹಿಂದೆ ಬಿಟ್ಟು ನೀರು ಮಾತ್ರ ಪೊರೆ ದಾಟಬೇಕಾದರೆ ಒಂದು 60 ಬಾರ್ ಒತ್ತಡ ಕೊಡಬೇಕು. ಒಂದು ಬಾರ್ ಎಂದರೆ 10 ಮೀಟರ್ ಎತ್ತರದ ನೀರಿನ ಕಂಬದ ಭಾರ. 60 ಬಾರ್ ಎಂದರೆ 600 ಮೀಟರ್, ಅಂದರೆ ಹತ್ತಿರ ಹತ್ತಿರ 2,000 ಅಡಿ. ನಮ್ಮ ಹೊಲದಲ್ಲಿ 1,500 ಅಡಿಯಿಂದ ನೀರೆತ್ತಬೇಕಾದರೆ ಮೋಟಾರು ಕೊಡಬೇಕಾದ ಒತ್ತಡ 45 ಬಾರ್. ಕರೆಂಟಿನ ಲೆಕ್ಕ ನೋಡಿದೆ. ಸಮುದ್ರದ ನೀರಿನಿಂದ ಸಾವಿರ ಲೀಟರ್ ಸಿಹಿನೀರು ಮಾಡಲು ದೊಡ್ಡ ಘಟಕಗಳಲ್ಲಿ ಮೂರು ನಾಲ್ಕು ಯೂನಿಟ್. 1,500 ಅಡಿಯಿಂದ ಸಾವಿರ ಲೀಟರ್ ಎತ್ತಲು, ಮೋಟಾರಿನಲ್ಲಿ ಅರ್ಧ ನಷ್ಟ ಅಂದುಕೊಂಡರೆ, ಎರಡೂವರೆ ಯೂನಿಟ್. ಅದನ್ನು ಮತ್ತೆ ಕುಡಿಯುವ ನೀರು ಮಾಡಲು ಆರ್‌ಓಗೆ ಹಾಕಬೇಕು, ಅದರ ಖರ್ಚು ಬೇರೆ.

ಕರವಸ್ತ್ರ ಹಿಡಿದುಕೊಂಡು ಸುಮಾರು ಹೊತ್ತು ಕೂತಿದ್ದೆ. ಮುಳಬಾಗಿಲಿನ ಒಂದು ಬಿಂದಿಗೆ ನೀರೂ ಈ ಐಷಾರಾಮಿ ಹಡಗಿನ ಒಂದು ಬಿಂದಿಗೆ ನೀರೂ ಹೆಚ್ಚುಕಡಿಮೆ ಒಂದೇ ಬೆಲೆಯವು. ಹಡಗಿನವರಿಗೆ ಆ ಬೆಲೆ ಗೊತ್ತಿದೆ. ಪ್ರತಿ ಟ್ಯಾಂಕಿನಲ್ಲಿ ಎಷ್ಟಿದೆ ಎಂದು ಯಾರೋ ಒಬ್ಬರು ಕೂತು ನೋಡುತ್ತಿರುತ್ತಾರೆ. ನಮ್ಮಲ್ಲಿ ಭೂಮಿಯೊಳಗೆ ಎಷ್ಟು ಉಳಿದಿದೆ ಎಂದು ದಿನಾ ನೋಡುವವರು ಯಾರು? ಮೋಟಾರು ಆನ್ ಮಾಡಿ, ಪೈಪಿನ ಬಾಯಿ ನೋಡಿ, ಗಾಳಿ ಬಂದಾಗ ಗೊತ್ತಾಗುತ್ತದೆ.

ಹಡಗನ್ನು ಹೊಗಳಲು ಇದನ್ನೆಲ್ಲ ಬರೆಯುತ್ತಿಲ್ಲ. ಏಳು ದಿನದ ಮೋಜಿಗೆ ಇಷ್ಟು ದೊಡ್ಡ ಊರನ್ನು ಎಂಜಿನ್ ಉರಿಸಿ ಸಮುದ್ರದ ಮೇಲೆ ಓಡಿಸುವುದು ಸರಿಯೇ ಎನ್ನುವ ಪ್ರಶ್ನೆ ನನ್ನಲ್ಲಿ ಹೋಗುವಾಗಲೂ ಇತ್ತು, ಬಂದ ಮೇಲೂ ಇದೆ. ಊಟದ ಹಾಲಿನಲ್ಲಿ ಜನ ಅರ್ಧ ತಿಂದು ಬಿಟ್ಟ ತಟ್ಟೆಗಳನ್ನು ನೋಡಿ ಅಮ್ಮ ಒಂದು ದಿನ ಊಟವನ್ನೇ ಮಾಡಲಿಲ್ಲ. ಅದರಲ್ಲಿ ಕಚ್ಚಿ ಬಿಟ್ಟ ಟೊಮೇಟೊ ಚೂರುಗಳಿದ್ದವು. ಕೋಲಾರದ ಮಾರುಕಟ್ಟೆಗೆ ಹದಿನೈದು ಕೆಜಿ ಕ್ರೇಟಿನಲ್ಲಿ ಟೊಮೇಟೊ ಹಾಕಿ, ಬೆಲೆ ಬಿದ್ದ ದಿನ ಗಾಡಿ ಬಾಡಿಗೆಯೂ ಹುಟ್ಟದೆ ರಸ್ತೆ ಬದಿ ಸುರಿದು ಬಂದ ಮನೆ ನಮ್ಮದು. ಒಂದು ಹಣ್ಣಿನ ಹಿಂದೆ ಎಷ್ಟು ಹನಿ ನೀರಿದೆ ಎಂದು ಡ್ರಿಪ್ ಪೈಪು ಎಳೆದವರಿಗೆ ಗೊತ್ತು. ನನಗೆ ಅಂದು ಅಮ್ಮನ ಸಿಟ್ಟು ಸರಿಯಾಗಿಯೇ ಕಂಡಿತು.

ನಾಲ್ಕನೆಯ ದಿನ ಸೇಂಟ್ ಥಾಮಸ್. ಈಗ ಅಮೆರಿಕಕ್ಕೆ ಸೇರಿದ ದ್ವೀಪ. 1917ರವರೆಗೆ ಡೆನ್ಮಾರ್ಕಿನದಾಗಿತ್ತು, ಅಕ್ಕಪಕ್ಕದ ದ್ವೀಪಗಳ ಜೊತೆ ಸೇರಿಸಿ ಎರಡೂವರೆ ಕೋಟಿ ಡಾಲರಿಗೆ ಮಾರಿದರು. ಬೆಟ್ಟ ಕಡಿದು ಸಮುದ್ರಕ್ಕೆ ಇಳಿದ ಹಾಗಿದೆ ಊರು. ಬೆಂಚು ಹಾಕಿದ ತೆರೆದ ಲಾರಿಗಳೇ ಅಲ್ಲಿ ಟ್ಯಾಕ್ಸಿ. ಬೆಟ್ಟ ಹತ್ತುವಾಗ ಅಮ್ಮ ನನ್ನ ತೋಳು ಜಗ್ಗಿದಳು. ಎಲ್ಲ ಮನೆಗಳ ಸೂರಿನ ಅಂಚಿಗೂ ಮಳೆನೀರು ಹರಿಯುವ ದೋಣಿ ಇಟ್ಟಿದ್ದಾರೆ, ದೋಣಿಯಿಂದ ಪೈಪು ಇಳಿದು ಗೋಡೆಯೊಳಗೆ ಹೋಗಿದೆ. ನಮ್ಮಲ್ಲಿ ಪೈಪು ಇಳಿದು ರಸ್ತೆಗೆ ಹೋಗುತ್ತದೆ, ಇಲ್ಲಿ ಮನೆಯೊಳಗೆ.

ತಮ್ಮ ಡ್ರೈವರನ್ನು ಕೇಳಿದ. ಅವನಿಗೆ ನಮ್ಮ ಕುತೂಹಲವೇ ವಿಚಿತ್ರವಾಗಿ ಕಂಡಿರಬೇಕು, ಆದರೂ ಗಾಡಿ ನಿಧಾನ ಮಾಡಿ ವಿವರಿಸಿದ. ದ್ವೀಪದಲ್ಲಿ ನಂಬಿಕೊಳ್ಳುವಂಥ ಹೊಳೆಯಿಲ್ಲ. ಮನೆ ಕಟ್ಟಬೇಕೆಂದರೆ ಮಳೆನೀರಿನ ತೊಟ್ಟಿ ಕಟ್ಟಲೇಬೇಕು, ಅದು ಅಲ್ಲಿನ ಕಾನೂನು. ತೊಟ್ಟಿ ಸಾಮಾನ್ಯವಾಗಿ ಮನೆಯ ಕೆಳಗೇ ಇರುತ್ತದೆ. ಅದರ ಮೇಲೆಯೇ ಅಡುಗೆ, ಊಟ, ನಿದ್ದೆ. ಸೂರನ್ನು ಚೊಕ್ಕಟವಾಗಿ ಇಟ್ಟುಕೊಳ್ಳುತ್ತಾರೆ, ಯಾಕೆಂದರೆ ಅವರ ಕೆರೆಗೆ ನೀರು ಹರಿದುಬರುವ ಜಾಗ ಸೂರೇ. ಮಳೆ ಕೈಕೊಟ್ಟರೆ ಟ್ಯಾಂಕರ್ ತರಿಸಬೇಕು.

"ಟ್ಯಾಂಕರ್" ಎನ್ನುವುದೊಂದು ಅಮ್ಮನಿಗೆ ಅರ್ಥವಾಯಿತು. "ಇಲ್ಲೂನಾ!" ಎಂದಳು.

ಉಳಿದವರು ಅಂಗಡಿ ಬೀದಿಗೆ ಹೋದರು. ಅಮ್ಮ ಆ ಲಾರಿಯಲ್ಲಿ ಕೂತೇ ಮನೆ ಮನೆ ನೋಡಿದಳು. ಒಂದು ಮನೆಯ ಮುಂದೆ ಮುದುಕಿಯೊಬ್ಬಳು ಪೊರಕೆ ಹಿಡಿದು ದೋಣಿಯಲ್ಲಿ ಸಿಕ್ಕಿಕೊಂಡ ಎಲೆ ತೆಗೆಯುತ್ತಿದ್ದಳು. ಏಣಿಯ ಮೇಲೆ ನಿಂತಿದ್ದಳು, ಕೆಳಗೆ ಮೊಮ್ಮಗಳಿರಬೇಕು, ಏಣಿ ಹಿಡಿದಿದ್ದಳು. ಅಮ್ಮ ಕೈ ಬೀಸಿದಳು. ಅವಳೂ ಪೊರಕೆ ಎತ್ತಿ ಬೀಸಿದಳು.

ಸೇಂಟ್ ಮಾರ್ಟನ್ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಒಂದೇ ದ್ವೀಪದಲ್ಲಿ ಒಂದು ಭಾಗ ಡಚ್ಚರದು, ಇನ್ನೊಂದು ಭಾಗ ಫ್ರೆಂಚರದು. ಮಳೆ ಬಂತು, ಬೇಗ ಹಡಗಿಗೆ ಮರಳಿದೆವು.

ವಾಪಸ್ ದಾರಿಯಲ್ಲಿ ಎರಡು ದಿನ ಬರೀ ಸಮುದ್ರ. ಉಡುಪಿಯ ಹುಡುಗ ಬಿಡುವಾದಾಗ ಬಂದು ಮಾತಾಡಿಸುತ್ತಿದ್ದ. ಕೊಳಕು ನೀರು ಏನಾಗುತ್ತದೆ ಎಂದು ಈ ಸಲ ನಾನೇ ಕೇಳಿದೆ. ಇಷ್ಟು ಜನರ ಸ್ನಾನ, ಪಾತ್ರೆ, ಕಕ್ಕಸಿನ ನೀರು. ಅವನಿಗೆ ತಿಳಿದಷ್ಟು ಹೇಳಿದ, ಉಳಿದದ್ದನ್ನು ನಾನು ಓದಿಕೊಂಡೆ. ಸಮುದ್ರಕ್ಕೆ ಕೊಳಕು ಬಿಡುವ ಬಗ್ಗೆ ಮಾರ್ಪೋಲ್ ಎಂಬ ಅಂತರರಾಷ್ಟ್ರೀಯ ಒಪ್ಪಂದ ಇದೆ. ಶುದ್ಧ ಮಾಡದ ಕಕ್ಕಸಿನ ನೀರನ್ನು ದಡದಿಂದ 12 ನಾಟಿಕಲ್ ಮೈಲಿಯೊಳಗೆ ಬಿಡುವ ಹಾಗಿಲ್ಲ. ಈಗಿನ ಹೊಸ ಹಡಗುಗಳು ಅದಕ್ಕಿಂತ ಮುಂದೆ ಹೋಗಿವೆ. ಸೂಕ್ಷ್ಮಜೀವಿಗಳಿಂದ ಕೊಳೆಯಿಸಿ, ಪೊರೆಯಲ್ಲಿ ಸೋಸಿ, ನೇರಳಾತೀತ ಬೆಳಕು ಹಾಯಿಸಿ, ಆಮೇಲೆ ಬಿಡುತ್ತವೆ.

ಇಲ್ಲಿ ನಮ್ಮ ಕೆರೆ ನೆನಪಾಗದೆ ಹೇಗಿರುತ್ತದೆ? 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ಲಕ್ಷ್ಮೀಸಾಗರ ಕೆರೆಗೆ ಬಂದ ದಿನ ನಾವೆಲ್ಲ ನೋಡಲು ಹೋಗಿದ್ದೆವು. ಬೆಂಗಳೂರಿನ ಚರಂಡಿ ನೀರನ್ನು ಶುದ್ಧ ಮಾಡಿ ನಮ್ಮ ಜಿಲ್ಲೆಯ ನೂರಕ್ಕೂ ಹೆಚ್ಚು ಕೆರೆಗೆ ತುಂಬಿಸುವ ಯೋಜನೆ. ದಿನಕ್ಕೆ 44 ಕೋಟಿ ಲೀಟರ್ ಎಂದು ಲೆಕ್ಕ. ಒಣಗಿ ಜಾಲಿ ಬೆಳೆದಿದ್ದ ಕೆರೆಯಲ್ಲಿ ನೀರು ನಿಂತಿದ್ದು ಕಂಡು ಅತ್ತವರಿದ್ದಾರೆ. ಸುತ್ತಲಿನ ಬೋರ್‌ಗಳಲ್ಲಿ ನೀರು ಮೇಲೆ ಬಂದಿದ್ದೂ ನಿಜ. ಆದರೆ ಆ ನೀರಿಗೆ ಎರಡು ಹಂತದ ಶುದ್ಧೀಕರಣ ಮಾತ್ರ. ಮೂರನೆಯ ಹಂತವೂ ಬೇಕು ಎಂದು ನಮ್ಮವರು ಹೋರಾಟ ಮಾಡಿದರು, ಕೋರ್ಟಿಗೂ ಹೋದರು. ಅವರನ್ನು ನೀರು ಬೇಡ ಅನ್ನುವವರು ಎಂದು ಬೈದವರೂ ಇದ್ದರು. ಬೇಡ ಅಂದದ್ದಲ್ಲ. ಸರಿಯಾಗಿ ಕೊಡಿ ಅಂದದ್ದು.

ಮೀನಿರುವ ಸಮುದ್ರಕ್ಕೆ ಬಿಡುವ ನೀರನ್ನು ಒಂದು ಹಡಗು ಪೊರೆಯಲ್ಲಿ ಸೋಸಿ ಬಿಡಬಲ್ಲದು. ಮನುಷ್ಯರ ಬಾವಿಗೆ ಇಳಿಯುವ ನೀರನ್ನು ಹಾಗೆ ಸೋಸಿ ಕೊಡಿ ಎಂದು ಕೇಳಿದರೆ ತಪ್ಪೇನು? ಈ ಮಾತನ್ನು ನಾನು ಹಡಗಿನ ಅಂಚಿನಲ್ಲಿ ನಿಂತು, ಗಾಳಿಗೆ ಸೆರಗು ಹಿಡಿದುಕೊಂಡು, ತಮ್ಮನಿಗೆ ಜೋರಾಗಿಯೇ ಹೇಳಿದೆ. ಅವನು ಸುಮ್ಮನೆ ಕೇಳಿದ. "ಅಕ್ಕ, ನೀನು ರಜೆಗೆ ಬಂದಿದೀಯ," ಎಂದ. ರಜೆಗೆ ಬಂದಿದ್ದಕ್ಕೇ ಇದು ಕಂಡಿತು ಅಂತ ನನಗನಿಸಿತು. ಊರಲ್ಲಿ ಇದ್ದಿದ್ದರೆ ಕ್ಯಾನ್ ತುಂಬಿಸುವುದರಲ್ಲೇ ಬೆಳಗು ಕಳೆದುಹೋಗುತ್ತಿತ್ತು.

ಕೊನೆಯ ರಾತ್ರಿ ಅಮ್ಮ ತನ್ನ ಚೀಲದ ತಳದಿಂದ ಒಂದು ಪುಟ್ಟ ಬಾಟಲಿ ತೆಗೆದಳು. ಅಂತರಗಂಗೆಯ ನೀರು. ಕೋಲಾರದ ಬೆಟ್ಟದಲ್ಲಿ ಕಲ್ಲು ಬಸವನ ಬಾಯಿಂದ ವರ್ಷವಿಡೀ ಬೀಳುತ್ತದಲ್ಲ, ಅದು. ಎಂಥ ಬರದಲ್ಲೂ ನಿಂತಿದ್ದನ್ನು ಅವಳು ಕಂಡಿಲ್ಲ. ಹೊರಡುವ ಮುಂಚೆ ಹತ್ತಿ ಹೋಗಿ ಹಿಡಿದು ತಂದಿದ್ದಳಂತೆ, ನನಗೂ ಹೇಳಿರಲಿಲ್ಲ. ಸಮುದ್ರಕ್ಕೆ ಬಿಡುತ್ತಾಳೆ ಅಂದುಕೊಂಡೆ. ಇಲ್ಲ. ಉಡುಪಿಯ ಹುಡುಗನ ಅಂಗೈಗೆ ಒಂದಿಷ್ಟು ಹಾಕಿ "ಕುಡಿ, ನಮ್ಮ ಕಡೆ ನೀರು" ಎಂದಳು. ಅವನು ಕುಡಿದು, ಒದ್ದೆ ಕೈಯನ್ನು ತಲೆಗೆ ಸವರಿಕೊಂಡ. ಆಮೇಲೆ ಮುಖ ತಿರುಗಿಸಿ ತಟ್ಟೆಗಳನ್ನು ಎತ್ತಿಕೊಂಡು ಹೋದ.

ಊರಿಗೆ ಬಂದ ಮೇಲೆ ಹಡಗು ನೋಡಿದವಳನ್ನು ನೋಡಲು ನಾಲ್ಕು ದಿನ ಜನ ಬಂದರು. ಅಮ್ಮ ಜಲಪಾತದ ಬಗ್ಗೆ ಹೇಳಿದಳು, ತೋಟದ ಬಗ್ಗೆ ಹೇಳಿದಳು. ಆದರೆ ಕೈಯಾಡಿಸಿ, ಎದ್ದು ನಿಂತು, ಗೋಡೆ ತೋರಿಸಿ ಹೇಳಿದ್ದು ಸೇಂಟ್ ಥಾಮಸ್‌ನ ಮನೆಗಳ ಬಗ್ಗೆ. "ಮನೆ ಕೆಳಗೇ ಬಾವಿ ಕಟ್ಟವ್ರೆ. ಸೂರು ಗುಡಿಸ್ತಾರೆ."

ವಾರ ಕಳೆಯುವುದರೊಳಗೆ ನನಗೆ ಫೋನ್ ಮಾಡಿ ತಾರಸಿಯ ಲೆಕ್ಕ ಕೇಳಿದಳು. ನಮ್ಮ ಹಳ್ಳಿ ಮನೆಯ ತಾರಸಿ 30 ಅಡಿಗೆ 30 ಅಡಿ. ನಮ್ಮ ಜಿಲ್ಲೆಯ ಮಳೆ ವರ್ಷಕ್ಕೆ 700 ಮಿಲಿಮೀಟರಿನ ಮೇಲೆ. ಸ್ವಲ್ಪ ನಷ್ಟ ಬಿಟ್ಟರೂ ಸುಮಾರು 45 ಸಾವಿರ ಲೀಟರ್ ಎಂದೆ. ಆ ಕಡೆಯಿಂದ ಒಂದು ಗಳಿಗೆ ಮಾತೇ ಇಲ್ಲ. ಇಷ್ಟು ವರ್ಷ ಅದು ರಸ್ತೆಗೆ ಹೋದದ್ದನ್ನು ಅವಳು ಬಿಂದಿಗೆಯಲ್ಲಿ ಎಣಿಸುತ್ತಿದ್ದಳೋ ಏನೋ. ಆಮೇಲೆ "ಮೇಸ್ತ್ರಿಗೆ ಹೇಳ್ತೀನಿ" ಎಂದು ಫೋನಿಟ್ಟಳು. ತಮ್ಮ ದುಡ್ಡು ಕಳಿಸುತ್ತೇನೆ ಎಂದ. ಬೇಡ ಎಂದಳು, ಹಸು ಮಾರಿದ ದುಡ್ಡು ಇತ್ತು.

ತೊಟ್ಟಿ ಅಡುಗೆಮನೆಯ ಪಕ್ಕದಲ್ಲಿ ಆಗಿದೆ, ಹತ್ತು ಸಾವಿರ ಲೀಟರಿನದು. ಬಾಯಿಗೆ ಕಬ್ಬಿಣದ ಮುಚ್ಚಳ. ಹೋದ ವಾರ ಮೊದಲ ಮಳೆ ಬಂತು. ನಾನೂ ಹೋಗಿದ್ದೆ. ಮೊದಲ ಮಳೆಯ ನೀರನ್ನು ಒಳಗೆ ಬಿಡಬಾರದು, ತಾರಸಿಯ ಧೂಳು, ಹಕ್ಕಿ ಹಿಕ್ಕೆ ಎಲ್ಲ ಇಳಿದು ಹೋಗಬೇಕು. ಅಮ್ಮ ಮಳೆಯಲ್ಲೇ ನಿಂತು ಪೈಪಿನ ತುದಿಯನ್ನು ಬಾಳೆಗಿಡದ ಕಡೆ ತಿರುಗಿಸಿ ಎರಡೂ ಕೈಯಲ್ಲಿ ಹಿಡಿದಿದ್ದಳು. ಕೆಂಪು ನೀರು ಬಂತು. ಆಮೇಲೆ ಚಹಾ ಬಣ್ಣದ್ದು. ನಾನು ಒಳಗೆ ಬಾ ಎಂದು ಕರೆದೆ.

"ಇನ್ನೂ ಸ್ವಲ್ಪ ಬಣ್ಣ ಐತೆ, ತಾಳು," ಎಂದಳು.